ಮನೆಯೊಡನೆ ಬಂದ ಅತ್ತಿ

ನನ್ನ ಅವ್ವನಿಗೆ ಸ್ವಂತ ಮನೆ ಬೇಕೆನಿಸಿದ್ದು ರೊಟ್ಟಿಯ ದೆಸೆಯಿಂದ. ಅಪ್ಪ ಬೈಲಹೊಂಗಲದ ಬಸ್ ಡಿಪೋದಲ್ಲಿ ಕಂಡಕ್ಟರ್ ಆಗಿದ್ದ. ವಾರದಲ್ಲಿ ನಾಲ್ಕು ದಿನ ಅವನಿಗೆ ನಸುಕಿನ ಮೊದಲ ಬಸ್ಸು. ಬುತ್ತಿ ಕಟ್ಟಿಕೊಡಬೇಕೆಂದರೆ ಅವ್ವ ಅದಕ್ಕೂ ಮೊದಲು ಎದ್ದು ರೊಟ್ಟಿ ಬಡಿಯಬೇಕು. ನಾವಿದ್ದ ಬಾಡಿಗೆ ಮನೆಗಳೆಲ್ಲ ಒಂದು ಮನೆಗೆ ನಡುವೆ ಗೋಡೆ ಹಾಕಿ ಎರಡು ಮಾಡಿದಂಥವು. ಆ ಕಡೆ ಮಾಲಕರು, ಈ ಕಡೆ ನಾವು. ಅವ್ವ ಹಿಟ್ಟಿಗೆ ಕೈಯಿಟ್ಟಳೆಂದರೆ ಆ ಕಡೆಯಿಂದ ಕೆಮ್ಮು ಶುರುವಾಗುತ್ತಿತ್ತು. ಮೊದಮೊದಲು ಕೆಮ್ಮು, ಆಮೇಲೆ ಗೋಡೆಗೆ ಬಡಿತ, ಕೊನೆಗೆ ಬಾಗಿಲಿಗೇ ಬಂದು ಹೇಳುವುದು. ಒಬ್ಬ ಮಾಲಕಿ, ಹಿಂದಿನ ದಿನವೇ ಕಡಕ್ ರೊಟ್ಟಿ ಮಾಡಿಟ್ಟುಕೊಂಡರಾಗದೆ ಎಂದು ಕೇಳಿದಳು. ಅಪ್ಪನಿಗೆ ದವಡೆಯ ಹಲ್ಲು ಎರಡು ಇರಲಿಲ್ಲ, ಕಡಕ್ ರೊಟ್ಟಿ ಅಗಿಯುವುದು ಅವನಿಂದ ಆಗದ ಮಾತು. ಅದನ್ನು ಅವ್ವ ಆಕೆಗೆ ಹೇಳಲಿಲ್ಲ. ಗಂಡನ ಬಾಯೊಳಗಿನ ಸುದ್ದಿ ಮಾಲಕಿಗೆ ಯಾಕೆ ಎಂದು ಸಿಟ್ಟಿನಿಂದ ಬಾಗಿಲು ಮುಚ್ಚಿದಳು. ನಾಲ್ಕು ವರ್ಷದಲ್ಲಿ ನಾವು ಮೂರು ಮನೆ ಬದಲಿಸಿದ್ದು ಹೀಗೆ.

ನನಗಾಗ ಒಂಬತ್ತು ವರ್ಷ. ಅವರಿಗೆ ನಾನೊಬ್ಬಳೇ ಮಗಳು. ಅಪ್ಪನಿಗೆ ರಜೆ ಸಿಕ್ಕ ದಿನ ನಾವು ಮೂವರೂ ಮನೆ ನೋಡಲು ಹೊರಡುತ್ತಿದ್ದೆವು, ಬೇರೆಯವರು ಹೆಣ್ಣು ನೋಡಲು ಹೋಗುವ ಹಾಗೆ, ಒಳ್ಳೆಯ ಬಟ್ಟೆ ಉಟ್ಟುಕೊಂಡು. ಕೈಯಲ್ಲಿದ್ದ ದುಡ್ಡಿಗೆ ಗಟ್ಟಿ ಮನೆ ಸಿಗುವುದಿಲ್ಲವೆಂದು ಗೊತ್ತಿತ್ತು. ಬಿದ್ದ ಮನೆ ಹಿಡಿದು ಎಬ್ಬಿಸಿ ನಿಲ್ಲಿಸುವುದೆಂದು ಅವ್ವ ತೀರ್ಮಾನ ಮಾಡಿದ್ದಳು. ಕಿತ್ತೂರಿನಲ್ಲಿ ಒಂದು ಮನೆ ಬಹಳ ಮನಸ್ಸಿಗೆ ಬಂತು, ಕಲ್ಲಿನ ಬುನಾದಿ, ಎತ್ತರದ ಕಟ್ಟೆ. ಆದರೆ ನಾವು ಎರಡನೆಯ ಸಲ ಹೋಗುವಷ್ಟರಲ್ಲಿ ಮಾಲಕ ರೇಟು ಏರಿಸಿದ, ಮೂರನೆಯ ಸಲ ಇನ್ನಷ್ಟು ಏರಿಸಿದ. ದೇಗಾಂವದ್ದು ಅಗ್ಗವಿತ್ತು, ಮಾಳಿಗೆಯೂ ಸೋರುತ್ತಿರಲಿಲ್ಲ, ಆದರೆ ಅಪ್ಪನ ಡ್ಯೂಟಿ ಮುಗಿಯುವ ಹೊತ್ತಿಗೆ ಆ ಊರಿಗೆ ಬಸ್ಸೇ ಇರುತ್ತಿರಲಿಲ್ಲ. ಎಲ್ಲರನ್ನೂ ಊರು ಮುಟ್ಟಿಸಿ ತಾನು ಸ್ಟ್ಯಾಂಡಿನಲ್ಲಿ ಮಲಗಬೇಕೇನು ಎಂದು ಅಪ್ಪ ನಕ್ಕ. ದೊಡವಾಡದ ಮನೆಯಲ್ಲಿ ಮಾಲಕರ ದೂರದ ಸಂಬಂಧಿಯೊಬ್ಬ ನಾಲ್ಕು ಆಡು ಕಟ್ಟಿಕೊಂಡು ಕುಳಿತಿದ್ದ. ಕೇಳಿದಾಗಲೆಲ್ಲ ಈ ಸುಗ್ಗಿ ಮುಗಿದ ಕೂಡಲೇ ಬಿಡುತ್ತೇನೆ ಎನ್ನುತ್ತಿದ್ದ. ಯಾವ ವರ್ಷದ ಸುಗ್ಗಿ ಎಂದು ಮಾತ್ರ ಹೇಳುತ್ತಿರಲಿಲ್ಲ. ಎಲ್ಲಿ ಹೋದರೂ ಅವ್ವ ಮೊದಲು ಅಡುಗೆಮನೆಗೆ ಹೋಗಿ ಗೋಡೆಗೆ ಅಂಗೈ ಬಡಿದು ಕಿವಿಗೊಡುತ್ತಿದ್ದಳು. ಆಚೆ ಕಡೆ ಕೇಳುತ್ತದೋ ಇಲ್ಲವೋ ಎನ್ನುವುದೊಂದೇ ಅವಳಿಗೆ ಬೇಕಿತ್ತು.

ಕೊನೆಗೆ ಸಿಕ್ಕಿದ್ದು ಬೈಲಹೊಂಗಲದಲ್ಲೇ, ಪೇಟೆಯ ಹಿಂದಿನ ಹಳೆಯ ಓಣಿಯಲ್ಲಿ. ಹನ್ನೆರಡು ವರ್ಷದಿಂದ ಬೀಗ ಬಿದ್ದ ಮನೆ. ಬಾಗಿಲು ತೆಗೆದಾಗ ಒಳಗಿಂದ ಪಾರಿವಾಳಗಳು ನಮ್ಮ ತಲೆಯ ಮೇಲಿಂದ ಹಾರಿಹೋದವು. ಒಳಗೆ ಕಾಲಿಟ್ಟರೆ ಮೊದಲು ದನ ಕಟ್ಟುವ ಅಂಕಣ, ಅದರ ಮೇಲೆ ಮೊಣಕಾಲೆತ್ತರದ ಪಡಸಾಲೆ, ಅದರಾಚೆ ಅಡುಗೆಮನೆ, ಹಿಂದೆ ಹಿತ್ತಿಲು. ಮಣ್ಣಿನ ಮಾಳಿಗೆ ಅಡುಗೆಮನೆಯ ಮೇಲೆ ಕುಸಿದು ಒಲೆಯ ಮೇಲೆ ಗುಡ್ಡೆ ಬಿದ್ದಿತ್ತು, ಅದರಲ್ಲಿ ಹುಲ್ಲು ಬೆಳೆದಿತ್ತು. ಜಂತಿಗಳಿಗೆ ಒರಲೆ ಹತ್ತಿತ್ತು. ಪಡಸಾಲೆಯ ನಡುವೆ ನೆಲದಲ್ಲಿ ಒಂದು ಗುಂಡನೆಯ ಹಾಸುಗಲ್ಲು. ಅದರ ಕೆಳಗೆ ಜೋಳ ತುಂಬಿಡುವ ಹಗೇವು, ಆಳು ಇಳಿಯುವಷ್ಟು ದೊಡ್ಡ ಕುಣಿ. ಆದರೆ ಗೋಡೆಗಳು ಎರಡು ಮೊಳ ದಪ್ಪ. ಅವ್ವ ಅಂಗೈಯಿಂದ ಬಡಿದಳು. ಸದ್ದು ಗೋಡೆಯೊಳಗೇ ಸತ್ತುಹೋಯಿತು. ಇದು ಆಗಬಹುದು ಎಂದಳು.

ಮನೆಯ ಮಾಲಕ ಚನ್ನಬಸಪ್ಪ ಎಂಬವರು ನೌಕರಿಯಿಂದ ನಿವೃತ್ತರಾಗಿ ಸವದತ್ತಿಯಲ್ಲಿ ಹೊಸ ಮನೆ ಕಟ್ಟಿಸಿಕೊಂಡಿದ್ದರು. ಮೊದಲ ಭೇಟಿಯಲ್ಲೇ ವ್ಯವಹಾರ ಕುದುರಿತು, ಸಂಚಕಾರವೆಂದು ಮುಂಗಡ ಕೊಟ್ಟದ್ದೂ ಆಯಿತು. ಕಾಗದಪತ್ರ ಬರೆಯುವವನ ಹತ್ತಿರ ಕುಳಿತು ಆಸ್ತಿಯ ದಾಖಲೆಯಾದ ಉತಾರ ತೆಗೆಸಿ ನೋಡಿದರೆ ಅದರಲ್ಲಿ ಎರಡು ಹೆಸರು. ಒಂದು ಅವರದು, ಇನ್ನೊಂದು ನೀಲಗಂಗವ್ವ ಎಂಬ ಅವರ ಅಕ್ಕನದು. ರಾಮದುರ್ಗಕ್ಕೆ ಕೊಟ್ಟ ಹೆಣ್ಣುಮಗಳು. ಆಕೆಯ ಸಹಿ ಇಲ್ಲದೆ ಖರೀದಿ ಆಗುವುದಿಲ್ಲ ಎಂದು ಬರೆಯುವವನು ಪೆನ್ನು ಕೆಳಗಿಟ್ಟ. ಚನ್ನಬಸಪ್ಪನವರು ಅದೊಂದು ದೊಡ್ಡ ಮಾತೇ ಅಲ್ಲವೆಂಬಂತೆ ಕೈ ಬೀಸಿದರು. ಆಕೆಗೆ ಹೇಳಿಕಳಿಸಿದರೆ ಸಾಕು, ಬಂದು ಹಾಕಿ ಹೋಗುತ್ತಾಳೆ ಎಂದರು.

ಆಕೆ ಬರಲಿಲ್ಲ. ಎರಡು ಸಲ ದಿನ ಗೊತ್ತುಮಾಡಿ ಎರಡು ಸಲವೂ ನಾವು ಕಾದು ಕಾದು ಮನೆಗೆ ಬಂದೆವು. ಆಮೇಲೆ ನಾವೇ ರಾಮದುರ್ಗಕ್ಕೆ ಹೋದೆವು. ಸವದತ್ತಿಯಲ್ಲಿ ಬಸ್ಸು ಬದಲಿಸಿ ಅರ್ಧ ದಿನದ ಹಾದಿ. ಮೊದಲನೆಯ ಸಲ ಹೋದಾಗ ಆಕೆ ಮಗಳ ಮನೆಗೆ ಹೋಗಿದ್ದಳು. ಎರಡನೆಯ ಸಲ ಇದ್ದಳು, ಆದರೆ ಆವತ್ತು ಅಮಾವಾಸ್ಯೆ, ಆಸ್ತಿಯ ಮಾತು ಆಡುವ ದಿನವಲ್ಲ ಎಂದು ಬಾಗಿಲಿನಲ್ಲೇ ಹೇಳಿ ಒಳಗೆ ಹೋದಳು. ಅಷ್ಟು ದೂರದಿಂದ ಬಂದವರಿಗೆ ನೀರೂ ಕೇಳಲಿಲ್ಲವೆಂದು ಅವ್ವ ದಾರಿಯುದ್ದಕ್ಕೂ ಕುದಿಯುತ್ತಿದ್ದಳು. ಈ ನಡುವೆ ಬಾಡಿಗೆ ಮನೆಯವರು ತಿಂಗಳೊಪ್ಪತ್ತಿನಲ್ಲಿ ಖಾಲಿ ಮಾಡಿ ಎಂದು ಹೇಳಿಯಾಗಿತ್ತು. ಮೂರನೆಯ ಸಲ ಹೋದಾಗ ಆಕೆ ನಮ್ಮನ್ನು ಒಳಗೆ ಕರೆದು ಚಾಪೆ ಹಾಸಿದಳು. ಅರವತ್ತರ ಆಸುಪಾಸಿನ ತೆಳ್ಳನೆಯ ಹೆಂಗಸು, ಇಳಕಲ್ ಸೀರೆಯ ಸೆರಗನ್ನು ತಲೆ ತುಂಬ ಹೊದ್ದಿದ್ದಳು. ಪಕ್ಕದ ಮನೆಯಲ್ಲಿ ಮಗ್ಗದ ಸದ್ದು ನಡೆದೇ ಇತ್ತು, ಆಕೆ ಅದರ ಮೇಲೆ ದನಿ ಎತ್ತಿ ಮಾತಾಡುತ್ತಿದ್ದಳು. ನಮಗೆ ಚಹಾ ಕೊಟ್ಟು, ನನ್ನ ಕೈಗೆ ಒಂದು ಚೂರು ಬೆಲ್ಲ ಇಟ್ಟು, ಅಪ್ಪನ ಎದುರು ಕುಳಿತಳು.

"ನನ್ನ ತಮ್ಮ ಹನ್ನೆರಡು ವರ್ಷದಾಗ ಒಮ್ಮಿನೂ ನಾಗರ ಪಂಚಮಿಗೆ ನನ್ನ ತವರಿಗೆ ಕರದಿಲ್ಲರಿ. ಬೈಲಹೊಂಗಲದ ಮನಿ ಬಿದ್ದೈತಿ, ಎಲ್ಲಿಗೆ ಕರೀಲಿ ಅಂತಾನ. ತಾ ಇರೂ ಮನಿ ಮನಿ ಅಲ್ಲೇನು?"

ಅದು ಅವರವರ ನಡುವಿನ ಮಾತು, ತಮಗೆ ಬೇಕಾದದ್ದು ಸಹಿ ಎಂದು ಅಪ್ಪ ಮೆಲ್ಲಗೆ ಹೇಳಿದ.

"ಸಹಿ ಮಾಡತೇನಿ, ಯಾಕ ಮಾಡೂದಿಲ್ಲ. ಮನಿ ತಗೊಳ್ರಿ. ಆದ್ರ ಮನಿ ತಗೊಂಡವರು ಮನಿ ಮಗಳನ್ನೂ ತಗೋಬೇಕು. ವರ್ಷಾ ಪಂಚಮಿಗೆ ಕರೀಬೇಕು, ಐದು ದಿನ ಇಟ್ಟಗೋಬೇಕು, ಒಂದು ಕುಪ್ಪಸದ ಖಣ ಕೊಟ್ಟು ಉಡಿ ತುಂಬಿ ಕಳಸಬೇಕು. ಒಪ್ಪಿಗಿ ಆದ್ರ ನಾಳೆನ ಬರತೇನಿ."

ಅಪ್ಪ ದಿನಕ್ಕೆ ನಾಲ್ಕುನೂರು ಜನರನ್ನು ಸಮಾಧಾನ ಮಾಡಿ ಬಸ್ಸಿನೊಳಗೆ ಸೇರಿಸುತ್ತಿದ್ದವನು. ಜಾಗ ಇಲ್ಲದಿದ್ದರೂ ಮುಂದೆ ಹೋಗಿ, ಮುಂದೆ ಜಾಗ ಇದೆ ಎನ್ನುವುದು ಅವನ ನಾಲಿಗೆಗೆ ರೂಢಿಯಾಗಿತ್ತು. ಅವ್ವನ ಕಡೆ ಒಂದು ಸಲವೂ ನೋಡದೆ,

"ಅಷ್ಟ ಹೌದಲ್ರಿ ಅಕ್ಕಾರ? ಆತು ಬಿಡ್ರಿ," ಎಂದುಬಿಟ್ಟ.

ಸವದತ್ತಿಯ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಅವ್ವ, ಐದು ದಿನ ಅಡುಗೆ ಮಾಡುವವರು ಯಾರು, ಉಂಡಿ ಕಟ್ಟುವವರು ಯಾರು, ತನ್ನನ್ನು ಕೇಳಬೇಕೆಂದು ಅನಿಸಲೇ ಇಲ್ಲವೇ ಎಂದು ಕೇಳಿದಳು. ಸಹಿ ಆಗಲಿ, ಆಮೇಲೆ ಯಾರು ನೆನಪಿಡುತ್ತಾರೆ ಎಂದು ಅಪ್ಪ ಹೇಳಿದ. ನೀಲಗಂಗವ್ವ ಮರೆಯುವ ಹೆಂಗಸಲ್ಲ ಎಂದು ಅವ್ವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನೋಂದಣಿಯ ದಿನ ಅಕ್ಕ ತಮ್ಮ ಒಂದೇ ಬೆಂಚಿನ ಎರಡು ತುದಿಗೆ ಕುಳಿತಿದ್ದರು. ಖರೀದಿ ಪತ್ರವನ್ನು ಓದಿಹೇಳಬೇಕೆಂದು ಆಕೆ ಹಟ ಹಿಡಿದಳು. ಬರೆಯುವವನು ಗಡಿಬಿಡಿಯಲ್ಲಿದ್ದ. ಆಕೆ ನನ್ನನ್ನು ಕರೆದು, ಸಾಲಿ ಕಲಿಯುತ್ತೀಯಲ್ಲ, ಓದು ಎಂದಳು. ಅರ್ಥವಾಗದ ಉದ್ದುದ್ದ ಮಾತುಗಳನ್ನು ನಾನು ಎಡವುತ್ತ ಓದಿದೆ. ಇನ್ನು ಮುಂದೆ ಸದರಿ ಆಸ್ತಿಯಲ್ಲಿ ನಮಗಾಗಲಿ ನಮ್ಮ ವಾರಸದಾರರಿಗಾಗಲಿ ಯಾವ ಹಕ್ಕೂ ಉಳಿದಿರುವುದಿಲ್ಲ ಎಂಬಲ್ಲಿ ಆಕೆ ನಿಲ್ಲಿಸಿದಳು. ಅದನ್ನು ಇನ್ನೊಮ್ಮೆ ಓದಿಸಿದಳು. ಪಂಚಮಿಯ ಮಾತು ಎಲ್ಲಿ ಬರೆದಿದೆ ಎಂದು ಕೇಳಿದಳು. ಬರೆಯುವವನು ನಕ್ಕ. ಅವಳ ತಮ್ಮ ನೆಲ ನೋಡಿದರು. ಅಪ್ಪ ತನ್ನ ಎದೆಯ ಮೇಲೆ ಕೈಯಿಟ್ಟು ಅದು ಇಲ್ಲಿದೆ ಎಂಬಂತೆ ತೋರಿಸಿದ. ಆಕೆ ಹೆಬ್ಬೆಟ್ಟು ಒತ್ತುತ್ತಾಳೆಂದು ಮಸಿಯ ಡಬ್ಬಿ ಮುಂದೆ ಸರಿಸಿದ್ದರು, ಅದನ್ನು ಹಿಂದಕ್ಕೆ ತಳ್ಳಿ ಪೆನ್ನು ಕೇಳಿ ಒಂದೊಂದೇ ಅಕ್ಷರ ಕೊರೆದು ಹೆಸರು ಬರೆದಳು. ನಾನು ಈವತ್ತಿಗೂ ಯಾವ ಕಾಗದವನ್ನೂ ಪೂರ್ತಿ ಓದದೆ ಸಹಿ ಹಾಕುವುದಿಲ್ಲ. ಬ್ಯಾಂಕಿನಲ್ಲಿ ನನ್ನ ಹಿಂದೆ ನಿಂತವರು ಬೇಸರಪಟ್ಟುಕೊಳ್ಳುತ್ತಾರೆ, ಪಟ್ಟುಕೊಳ್ಳಲಿ ಎಂದು ನಿಲ್ಲುತ್ತೇನೆ.

ಮನೆ ನಮ್ಮದಾಯಿತು, ಆದರೆ ಅದರಲ್ಲಿ ಇರುವ ಹಾಗಿರಲಿಲ್ಲ. ಯುಗಾದಿ ಮುಗಿದ ಮೇಲೆ ಬಾಬಾಸಾಬ ಎಂಬ ಗೌಂಡಿ ಬಂದು ಮಾಳಿಗೆ ಕೆಡವಿದ. ಮಣ್ಣು ಹೊರಲು ಎಂಟು ದಿನ ಹಿಡಿಯಿತು. ಕೆಡವುವುದನ್ನು ಅವನು ಎಷ್ಟು ಉತ್ಸಾಹದಿಂದ ಮಾಡಿದನೋ ಕಟ್ಟುವುದಕ್ಕೆ ಅಷ್ಟೇ ತಡ ಮಾಡಿದ. ಕೈ ಬಹಳ ಒಳ್ಳೆಯದು, ಆದರೆ ಒಂದೇ ಕಾಲಕ್ಕೆ ಐದು ಮನೆಯ ಕೆಲಸ ಒಪ್ಪಿಕೊಂಡಿರುತ್ತಿದ್ದ. ಇಂದು ಬರುತ್ತೇನೆಂದರೆ ನಾಡಿದ್ದು, ನಾಡಿದ್ದು ಎಂದರೆ ಮುಂದಿನ ವಾರ. ನಾವು ಬಾಡಿಗೆ ಮನೆ ಬಿಟ್ಟು ಬಂದಾಗಿತ್ತು. ದನದ ಅಂಕಣವೊಂದರ ಮೇಲೆ ಮಾತ್ರ ಮಾಳಿಗೆ ಗಟ್ಟಿಯಿತ್ತು, ಅಲ್ಲೇ ಸಂಸಾರ. ದನಕ್ಕೆ ಮೇವು ಹಾಕುವ ಗೋದಲಿಯ ಕಟ್ಟೆಯ ಮೇಲೆ ಸ್ಟೋವ್, ಅದರೊಳಗೆ ಪಾತ್ರೆ, ಮೂಲೆಯಲ್ಲಿ ನನ್ನ ಪುಸ್ತಕ. ಉಣ್ಣಲು ಕುಳಿತರೆ ತಾಟಿನೊಳಗೆ ಮಣ್ಣು ಉದುರುತ್ತಿತ್ತು. ಅವ್ವ ಮೊದಮೊದಲು ತಾಟು ಬದಲಿಸಿ ಕೊಡುತ್ತಿದ್ದಳು, ಆಮೇಲೆ ಊದಿ ತಿನ್ನು ಎನ್ನತೊಡಗಿದಳು. ಮೃಗಶಿರಾ ಮಳೆ ಬಂದಾಗ ಪಡಸಾಲೆಯ ಮೇಲೆ ಜಂತಿ ಕೂರಿಸಿ ಆಗಿರಲಿಲ್ಲ, ನೀರು ಪಡಸಾಲೆಯಿಂದ ಇಳಿದು ನಮ್ಮ ಹಾಸಿಗೆಗೆ ಬಂತು. ಅಪ್ಪ ಡ್ಯೂಟಿಯ ಮೇಲೆ ಊರಲ್ಲಿರಲಿಲ್ಲ. ಅವ್ವ ನಾನು ಇಬ್ಬರೇ ಹಾಸಿಗೆ ಎತ್ತಿ ಗೋದಲಿಯೊಳಗೆ ತುರುಕಿ, ಅದರ ಮೇಲೆ ಕುಳಿತು ಮಳೆ ನಿಲ್ಲುವುದನ್ನು ಕಾದೆವು. ಅವ್ವ ಅಳುತ್ತಾಳೆಂದುಕೊಂಡೆ. ಅವಳು ಬಾಬಾಸಾಬನನ್ನು, ಅಪ್ಪನನ್ನು, ಅಪ್ಪನ ಡಿಪೋದ ಸಾಹೇಬರನ್ನು, ಮಳೆಯನ್ನು ಸರದಿಯಂತೆ ಬೈಯುತ್ತ ಕುಳಿತಳು. ಸಿಟ್ಟು ಬಂದಾಗ ಅಳಬಾರದು, ಬಾಯಿ ನಡೆಯಬೇಕು ಎನ್ನುವುದನ್ನು ನಾನು ಅವಳಿಂದ ಕಲಿತೆ. ನನ್ನ ಗಂಡನ ಪ್ರಕಾರ ಅದು ಒಳ್ಳೆಯ ವಿದ್ಯೆಯಲ್ಲ.

ಶ್ರಾವಣ ಬಂದಾಗ ಅರ್ಧ ಪಡಸಾಲೆಗೆ ತಗಡು ಹೊದಿಸಿ ಆಗಿತ್ತು. ಈ ವರ್ಷ ಆಕೆಯನ್ನು ಕರೆಯುವುದು ಬೇಡ, ಕರೆದು ಎಲ್ಲಿ ಮಲಗಿಸುವುದು ಎಂದು ಅವ್ವ ಹೇಳಿದಾಗ ಅಪ್ಪ ತಲೆ ಕೆರೆದುಕೊಂಡ. ರಾಮದುರ್ಗದ ಬಸ್ಸಿನ ಡ್ರೈವರ್ ಕೈಯಲ್ಲಿ ಅವನು ಆಗಲೇ ಹೇಳಿಕಳಿಸಿದ್ದ. ಪಂಚಮಿಗೆ ಎರಡು ದಿನವಿರುವಾಗ ನೀಲಗಂಗವ್ವ ಕೈಚೀಲ ಹಿಡಿದು ಬಂದಿಳಿದಳು. ತನ್ನನ್ನು ಅತ್ತಿ ಎನ್ನು, ಅಪ್ಪನ ಅಕ್ಕನೆಂದೇ ತಿಳಿ ಎಂದು ನನಗೆ ಹೇಳಿದಳು. ಹೊಸಿಲು ದಾಟುವ ಮೊದಲು ಚೌಕಟ್ಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಒಳಗೆ ಬಂದವಳೇ ಬಾಬಾಸಾಬನನ್ನು ಹಿಡಿದಳು. ಅವನು ಹಗೇವನ್ನು ಮಾಳಿಗೆಯ ಮಣ್ಣಿನಿಂದಲೇ ತುಂಬಿಸಿ ಮೇಲೆ ನೆಲ ಮಾಡುವವನಿದ್ದ. ಹಗೇವು ಮುಚ್ಚಿದರೆ ಮನೆಯ ಹೊಟ್ಟೆ ಮುಚ್ಚಿದ ಹಾಗೆ, ಅದಕ್ಕೆ ಕೈ ಹಚ್ಚಕೂಡದು ಎಂದು ಆಕೆ ಕಲ್ಲಿನ ಮೇಲೆಯೇ ಕುಳಿತುಬಿಟ್ಟಳು. ಬಾಬಾಸಾಬನ ಅಪ್ಪ ಇದೇ ಮನೆಗೆ ಸುಣ್ಣ ಹಚ್ಚಿದವನಂತೆ. ಬಾಬಾಸಾಬ ಆಕೆಯನ್ನು ಅಕ್ಕಾರು ಎಂದು ಕರೆದು ತಟ್ಟನೆ ಸಲಿಕೆ ಕೆಳಗಿಟ್ಟ. ಹಗೇವು ಉಳಿಯಿತು. ಈಗಲೂ ಇದೆ. ಗುಂಡುಗಲ್ಲು ನೆಲಕ್ಕಿಂತ ಎರಡು ಬೆರಳು ಮೇಲೆದ್ದು ಕುಳಿತಿದೆ, ಅವ್ವ ಅದನ್ನು ಎಡವದ ದಿನವಿಲ್ಲ.

ಆ ಐದು ದಿನ ನಾನು ಮಲಗುವ ಜಾಗ ಅತ್ತಿಗೆ ಹೋಯಿತು. ಆಕೆ ನನ್ನ ತಲೆಗೆ ಎಣ್ಣೆ ಹಚ್ಚಿ ಕಣ್ಣು ಮೇಲಕ್ಕೆ ಏರುವಷ್ಟು ಬಿಗಿಯಾಗಿ ಹೆರಳು ಹಾಕುತ್ತಿದ್ದಳು. ಅವ್ವನ ಶೇಂಗಾ ಉಂಡಿಗೆ ಬೆಲ್ಲ ಕಡಿಮೆ, ತಂಬಿಟ್ಟು ಸಡಿಲ, ಜೋಳದ ಅಳ್ಳು ಹುರಿದದ್ದು ಸಾಲದು. ಜೋಕಾಲಿ ಪಡಸಾಲೆಯ ತೊಲೆಗೇ ಕಟ್ಟಬೇಕು, ಯಾಕೆಂದರೆ ಯಾವಾಗಲೂ ಅಲ್ಲೇ ಕಟ್ಟುತ್ತಿದ್ದರು. ತೊಲೆಗೆ ಒರಲೆ ಹತ್ತಿದೆ, ಜೀವಕ್ಕೆ ಅಪಾಯ ಎಂದು ಬಾಬಾಸಾಬ ಕೈಮುಗಿದು ಹೇಳಿದ ಮೇಲೆ ಹಿತ್ತಿಲ ಬೇವಿನ ಮರಕ್ಕೆ ಒಪ್ಪಿಕೊಂಡಳು. ಮೊದಲು ತಾನೇ ಹತ್ತಿ ನಿಂತು ಜೀಕಿದಳು. ಅರವತ್ತು ವರ್ಷದ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಲು ಬೇವಿನ ಕೊಂಬೆಗೆ ಮುಟ್ಟುವ ಹಾಗೆ. ನನ್ನ ಸರದಿ ಬರುವ ಹೊತ್ತಿಗೆ ಕತ್ತಲಾಗುತ್ತಿತ್ತು. ಹೋಗುವ ದಿನ ಅವ್ವ ಖಣ ಕೊಟ್ಟು ಉಡಿ ತುಂಬಿದಳು. ಬಾಗಿಲು ಹಾಕಿ ಬಂದು ಗೋದಲಿಯ ಕಟ್ಟೆಗೆ ಒರಗಿ ಕುಳಿತು, ನನಗೆ ನನ್ನ ಅತ್ತೆಯ ಕಾಟವೇ ಇರಲಿಲ್ಲ, ಈಗ ಕ್ರಯಕ್ಕೆ ತಂದುಕೊಂಡೆ ಎಂದಳು. ಅಪ್ಪನ ತಾಯಿ ನಾನು ಹುಟ್ಟುವ ಮೊದಲೇ ತೀರಿಹೋಗಿದ್ದಳು.

ಮುಂದಿನ ವರ್ಷ ಅತ್ತಿ ಬಂದಾಗ ಕಿಡಕಿ ದೊಡ್ಡದು ಮಾಡುವುದು ನಿಂತಿತು. ಆ ಗೋಡೆಯಲ್ಲಿದ್ದ ಗೂಡಿನಂಥ ಮಾಡದಲ್ಲಿ ಆಕೆಯ ಅವ್ವ ದೀಪ ಇಡುತ್ತಿದ್ದಳು. ಅತ್ತಿ ಹೋದ ಮೇಲೆ ಮಾಡೋಣವೆಂದರೆ ಬಾಬಾಸಾಬ ಕಿತ್ತೂರಿನ ಕೆಲಸಕ್ಕೆ ಹೋಗಿ ಮೂರು ತಿಂಗಳು ಬರಲಿಲ್ಲ. ನಮ್ಮ ಮನೆಯ ಕೆಲಸ ಹೀಗೆ ಪಂಚಮಿಯಿಂದ ಪಂಚಮಿಗೆ ಕುಂಟುತ್ತ ನಡೆಯಿತು. ಓಣಿಯ ಹೆಂಗಸರು ನೀರಿಗೆ ನಿಂತಾಗ, ಇನ್ನೂ ಮುಗಿಯಲಿಲ್ಲವೇ ಎಂದು ಕೇಳುವುದನ್ನು ತಪ್ಪಿಸಲು ಅವ್ವ ಕೊಡ ಹಿಡಿದು ಕೊನೆಯಲ್ಲಿ ಹೋಗುತ್ತಿದ್ದಳು. ಸಾಲಿಯಲ್ಲಿ ನನ್ನನ್ನು ಬಿದ್ದಮನಿಯವಳು ಎನ್ನುತ್ತಿದ್ದರು. ಗೆಳತಿಯರನ್ನು ನಾನು ಒಂದು ಸಲವೂ ಮನೆಗೆ ಕರೆಯಲಿಲ್ಲ.

ಮೂರನೆಯ ವರ್ಷ ಜಗಳವಾಯಿತು. ಅವ್ವನಿಗೆ ಬೇಕಿದ್ದುದು ಒಂದೇ: ನಿಂತು ಅಡುಗೆ ಮಾಡುವ ಕಟ್ಟೆ, ಅದರ ಮೇಲೆ ಕಡಪಾ ಕಲ್ಲು, ಗ್ಯಾಸಿನ ಒಲೆ. ಅವಳ ಮೊಣಕಾಲು ಆಗಲೇ ನೋಯತೊಡಗಿದ್ದವು. ಹಳೆಯ ಮಣ್ಣಿನ ಒಲೆ ಇದ್ದ ಮೂಲೆಯಲ್ಲಿಯೇ ಬೆಳಕು ಚೆನ್ನಾಗಿ ಬೀಳುತ್ತಿತ್ತು, ಅಲ್ಲೇ ಕಟ್ಟೆ ಬರಬೇಕು. ಬಾಬಾಸಾಬ ಅಪರೂಪಕ್ಕೆ ಹೇಳಿದ ದಿನವೇ ಬಂದ, ಇಟ್ಟಿಗೆಯೂ ಬಿತ್ತು. ಅದೇ ಹೊತ್ತಿಗೆ ಪಂಚಮಿಯೂ ಬಂತು, ಅತ್ತಿಯೂ ಬಂದಳು. ಅವ್ವ ಬೆಲ್ಲ ತರಲು ಪೇಟೆಗೆ ಹೋಗಿ ಬರುವಷ್ಟರಲ್ಲಿ ಬಾಬಾಸಾಬ ಕೆಲಸ ಬಿಟ್ಟು ಮನೆಗೆ ಹೋಗಿದ್ದ. ಅಕ್ಕಾರು ಬೇಡ ಎಂದರು ಎಂದು ಹೋಗುವಾಗ ನನಗೆ ಹೇಳಿದ್ದ. ಅತ್ತಿ ಹಳೆಯ ಒಲೆಯ ಮುಂದೆ ಕುಳಿತು ಅದಕ್ಕೆ ಸಗಣಿ ಸಾರಿಸುತ್ತಿದ್ದಳು. ಅವ್ವ ಬೆಲ್ಲದ ಪೆಂಟೆಯನ್ನು ನೆಲದ ಮೇಲೆ ಇಟ್ಟಳು.

"ಅಕ್ಕಾರ, ಈ ಮನಿ ಯಾರದರಿ?"

ಅತ್ತಿ ತಿರುಗಲಿಲ್ಲ. ಸಾರಿಸುವ ಕೈ ಮಾತ್ರ ನಿಂತಿತು.

"ಕಾಗದದಾಗ ನಿಮ್ಮದು, ಕಸ್ತೂರೆವ್ವ."

"ಕಾಗದದಾಗ ಅಷ್ಟ ಅಲ್ಲರಿ. ಮಣ್ಣು ಹೊತ್ತಾಕಿ ನಾನು. ಮಳಿಯೊಳಗ ಕುಂತಾಕಿ ನಾನು. ನೀವು ವರ್ಷದಾಗ ಐದು ದಿನ ಬಂದು, ಇದಕ್ಕ ಕೈ ಹಚ್ಚಬ್ಯಾಡ, ಅದಕ್ಕ ಕೈ ಹಚ್ಚಬ್ಯಾಡ ಅಂದು ಹೋಗತೀರಿ. ಉಳಿದ ದಿನಾ ಆ ಹೊಗಿಯೊಳಗ ಕುಂದರಾಕಿ ಯಾರು?"

ಅತ್ತಿ ಕೈ ತೊಳೆದುಕೊಂಡಳು. ತನ್ನ ಅವ್ವ ಇದೇ ಒಲೆಯ ಮುಂದೆ ತನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಬೆಚ್ಚಗೆ ಮಾಡುತ್ತಿದ್ದಳು ಎಂದಷ್ಟೇ ಹೇಳಿ ಪಡಸಾಲೆಗೆ ಬಂದು ಕೈಚೀಲ ತುಂಬತೊಡಗಿದಳು. ಪಂಚಮಿ ಮರುದಿನವಿತ್ತು. ತವರಿಗೆ ಬಂದ ಹೆಣ್ಣುಮಗಳು ಹಾಲೆರೆಯುವ ಮೊದಲೇ ಎದ್ದುಹೋಗುವುದು ಯಾವ ಮನೆಗೂ ಒಳ್ಳೆಯದಲ್ಲವೆಂದು ನನಗೂ ಗೊತ್ತಿತ್ತು. ಅವ್ವ ತಡೆಯುತ್ತಾಳೆಂದು ಕಾದೆ. ಅವ್ವ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಅತ್ತಿಯನ್ನು ಸ್ಟ್ಯಾಂಡಿನವರೆಗೆ ಬಿಟ್ಟುಬರಲು ನಾನು ಚೀಲ ಹಿಡಿದೆ. ಬಸ್ಸು ಹತ್ತುವ ಮೊದಲು ನನ್ನ ಹೆರಳನ್ನೊಮ್ಮೆ ಎಳೆದು ಸರಿಮಾಡಿದಳು.

ಎಂಟು ದಿನದಲ್ಲಿ ಕಟ್ಟೆ ಎದ್ದಿತು. ಕಪ್ಪು ಕಡಪಾ ಕಲ್ಲು ಮುಖ ಕಾಣುವ ಹಾಗೆ ಹೊಳೆಯುತ್ತಿತ್ತು. ಅವ್ವ ಮೊದಲ ದಿನ ಅದರ ಮೇಲೆ ಹಾಲು ಉಕ್ಕಿಸಿ, ನಿಂತುಕೊಂಡೇ ಸಿರಾ ಮಾಡಿದಳು. ನಾವು ಮೂವರೂ ಚೆನ್ನಾಗಿದೆ ಎಂದೆವು. ಆದರೂ ಗೆದ್ದವರ ಮನೆಯ ಊಟದ ಹಾಗಿರಲಿಲ್ಲ ಅದು. ಮರುವರ್ಷ ಶ್ರಾವಣ ಹತ್ತಿರ ಬಂದಾಗ ರಾಮದುರ್ಗಕ್ಕೆ ಹೇಳಿಕಳಿಸಲೇ ಎಂದು ಅಪ್ಪ ಕೇಳಿದ. ನಿಮ್ಮ ಇಷ್ಟ ಎಂದಳು ಅವ್ವ. ಅವ್ವನ ಬಾಯಲ್ಲಿ ನಿಮ್ಮ ಇಷ್ಟ ಎಂದರೆ ಏನೆಂದು ಅಪ್ಪನಿಗೆ ಹದಿನೈದು ವರ್ಷದ ಅನುಭವವಿತ್ತು, ಹೇಳಿಕಳಿಸಲಿಲ್ಲ. ಆ ಪಂಚಮಿಗೆ ಅವ್ವ ಶೇಂಗಾ ಉಂಡಿಗೆ ಬೆಲ್ಲ ಹೆಚ್ಚು ಹಾಕಿದ್ದಳು, ಮೂವರು ತಿನ್ನಲಾರದಷ್ಟು ಕಟ್ಟಿದ್ದಳು. ಜೋಕಾಲಿ ಇಡೀ ದಿನ ನನ್ನೊಬ್ಬಳದೇ. ಐದು ದಿನವೂ ಅವ್ವ ಎಲ್ಲರ ಮೇಲೆ ಸಿಡುಕಿದಳು, ಹಾಲಿನವನ ಮೇಲೂ. ಆಕೆ ಬಂದರೂ ಕಾಟ, ಬರದಿದ್ದರೂ ಕಾಟ ಎಂದು ನಾನು ಮನಸ್ಸಿನಲ್ಲೇ ಅತ್ತಿಯನ್ನು ಬೈದುಕೊಂಡೆ.

ಅದೇ ಚಳಿಗಾಲ, ಒಂದು ಸಂಜೆ. ಅಪ್ಪ ಡ್ಯೂಟಿ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದ, ನಾನು ಪಡಸಾಲೆಯಲ್ಲಿ ಗಣಿತ ಬಿಡಿಸುತ್ತಿದ್ದೆ. ಬಾಗಿಲಲ್ಲಿ ಅತ್ತಿ ನಿಂತಿದ್ದಳು. ಕೈಯಲ್ಲಿ ಚೀಲವಿರಲಿಲ್ಲ, ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಬರಬಹುದೇ ಎಂದು ಕೇಳಲಿಲ್ಲ, ಚೌಕಟ್ಟನ್ನು ಮುಟ್ಟಲೂ ಇಲ್ಲ. ನೇರ ಒಳಗೆ ಬಂದು ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ನೆಲಕ್ಕೆ ಕುಳಿತಳು.

"ತಮ್ಮ ಹೋದ, ಈರಣ್ಣ," ಎಂದಳು ಅಪ್ಪನಿಗೆ.

ಚನ್ನಬಸಪ್ಪನವರು ಆವತ್ತು ನಸುಕಿನಲ್ಲಿ ತೀರಿಕೊಂಡಿದ್ದರು. ರಾಮದುರ್ಗಕ್ಕೆ ಸುದ್ದಿ ಮುಟ್ಟಿ ಆಕೆ ಸವದತ್ತಿಗೆ ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ತಮ್ಮನ ಮಕ್ಕಳು ಅಕ್ಕನಿಗಾಗಿ ಕಾದಿರಲಿಲ್ಲ. ಅಪ್ಪ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಆಕೆಯ ಎದುರು ಕುಕ್ಕುರುಗಾಲಲ್ಲಿ ಕುಳಿತು, ಮತ್ತೆ ಅಲ್ಲಿಯೇ ಇರಬೇಕಿತ್ತಲ್ಲ ಅಕ್ಕಾರ ಎಂದ.

"ಅಲ್ಲಿ 'ಬರ್ರಿ' ಅಂದು ಕುರ್ಚಿ ಕೊಟ್ರು, ಚಾ ಕೊಟ್ರು. ಕುರ್ಚಿ ಮ್ಯಾಲೆ ಕುಂತು ಹೆಂಗ ಅಳಬೇಕು, ಈರಣ್ಣ? ಅವನು ಹುಟ್ಟಿದ್ದು ಇಲ್ಲಿ."

ಆಮೇಲೆ ಆಕೆ ಅಳತೊಡಗಿದಳು. ನಮ್ಮ ಕಡೆಯ ಹಳೆಯ ಹೆಂಗಸರು ಅಳುವ ಹಾಗೆ, ಹಾಡಿ ಹಾಡಿ, ತಮ್ಮನನ್ನು ಹೆಸರು ಹಿಡಿದು ಕರೆದು. ಗೋದಲಿಯೊಳಗೆ ಬಿದ್ದು ಹಣೆ ಒಡೆದುಕೊಂಡಿದ್ದೆಯಲ್ಲೋ, ಹಗೇವಿನೊಳಗೆ ಇಳಿದು ಹೆದರಿ ಅಕ್ಕಾ ಎಂದು ಕೂಗಿದ್ದೆಯಲ್ಲೋ, ನನ್ನ ಜೋಕಾಲಿ ತೂಗಿ ತೂಗಿ ಕೈ ನೊಂದವೆಂದು ಅತ್ತಿದ್ದೆಯಲ್ಲೋ ಎಂದು. ಬೆಂಚಿನ ತುದಿಗೆ ಕುಳಿತು ನೆಲ ನೋಡುತ್ತಿದ್ದ ಆ ಮನುಷ್ಯ ನಾಲ್ಕೈದು ವರ್ಷದ ಹುಡುಗನಾಗಿ ನಮ್ಮ ಪಡಸಾಲೆಯಲ್ಲಿ ಓಡಾಡಿದಂತಾಯಿತು. ಹನ್ನೆರಡು ವರ್ಷ ಕರೆಯದ ತಮ್ಮನ ಬಗ್ಗೆ ಒಂದು ದೂರೂ ಆ ಅಳುವಿನಲ್ಲಿರಲಿಲ್ಲ.

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮುಂದೆ ಬರಬೇಕೋ ಬೇಡವೋ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ಒಳಗೆ ಕಟ್ಟೆಯ ಮೇಲೆ ಕುಕ್ಕರು ಹಿಸ್ ಎನ್ನತೊಡಗಿತು, ಇನ್ನೇನು ಸೀಟಿ ಹೊಡೆಯಬೇಕು. ಅವ್ವ ತಟ್ಟನೆ ತಿರುಗಿ ಓಡಿಹೋಗಿ ಗ್ಯಾಸ್ ಆರಿಸಿದಳು. ಸಾವಿನ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಅದನ್ನು ಯಾರೂ ಅವಳಿಗೆ ಹೇಳಲಿಲ್ಲ, ಇದು ಸಾವಿನ ಮನೆ ಎಂದೂ ಯಾರೂ ಹೇಳಿರಲಿಲ್ಲ. ಆಮೇಲೆ ಬಂದು ಅತ್ತಿಯ ಪಕ್ಕದಲ್ಲಿ ಕುಳಿತಳು. ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ. ಆಕೆಯ ಸೆರಗು ತಲೆಯಿಂದ ಜಾರಿದಾಗಲೆಲ್ಲ ಎತ್ತಿ ಹೊದಿಸುತ್ತಿದ್ದಳು.

ಅಳು ಕೇಳಿ ಓಣಿಯ ಜನ ಬಂದರು. ಎದುರುಮನೆಯ ಮಲ್ಲವ್ವ ಅವ್ವನನ್ನು ಪಕ್ಕಕ್ಕೆ ಕರೆದು, ತೀರಿಕೊಂಡವರು ನಿಮಗೇನಾಗಬೇಕು ಎಂದು ಕೇಳಿದಳು.

"ನಮ್ಮ ನಾದಿನಿ ತಮ್ಮರಿ," ಎಂದಳು ಅವ್ವ.

ಮಲ್ಲವ್ವ ಗಂಡನ ಕಡೆಯ ಸಂಬಂಧವನ್ನು ಮನಸ್ಸಿನಲ್ಲೇ ಕೂಡಿಸಿ ನೋಡಿದಳು. ನಾದಿನಿಯ ತಮ್ಮನೆಂದರೆ ಗಂಡನೇ ಆಗಬೇಕು. ಗಂಡನೋ ಟವೆಲ್ಲು ಹೊದ್ದುಕೊಂಡು ಎದುರಿಗೇ ಇದ್ದ. ಆಕೆ ಅಪ್ಪನನ್ನು ಒಮ್ಮೆ ನೋಡಿ, ಅವ್ವನನ್ನು ಒಮ್ಮೆ ನೋಡಿ, ಮುಂದೆ ಏನೂ ಕೇಳದೆ ತನ್ನ ಮನೆಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಒಂದು ಬೋಗುಣಿಯಲ್ಲಿ ಅನ್ನ, ಇನ್ನೊಂದರಲ್ಲಿ ಬೇಳೆಯ ಸಾರು ತಂದು ಪಡಸಾಲೆಯ ಅಂಚಿಗಿಟ್ಟಳು.

ಅತ್ತಿ ಎರಡು ತುತ್ತು ಉಂಡು ಕಂಬದ ಬುಡದಲ್ಲೇ ಅಡ್ಡಾದಳು. ಅಪ್ಪ ತನ್ನ ಚಾದರ ಹೊದಿಸಿದ. ನಾನು ತಾಟುಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ. ಅವ್ವ ಕಟ್ಟೆಯ ಮುಂದೆ ನಿಂತಿದ್ದಳು. ಅರೆಬೆಂದ ಅನ್ನದ ಕುಕ್ಕರು ಮುಚ್ಚಿದ ಹಾಗೆಯೇ ಇತ್ತು. ಹೊರಗೆ ಕೇಳಬಾರದೆಂದು ದನಿ ತಗ್ಗಿಸಿ,

"ಇಂಥಾ ಅಡಗಿಮನಿ ಕಟ್ಟಿಸಿ ಮಂದಿ ಮನಿ ಸಾರು ಉಣ್ಣೂದು ಬಂತ ನೋಡು," ಎಂದಳು.

ದನಿಯಲ್ಲಿ ಸಿಟ್ಟಿತ್ತು. ಅರಿವೆ ಹಿಂಡಿ, ಏನೂ ಚೆಲ್ಲಿರದ ಆ ಕಪ್ಪು ಕಲ್ಲನ್ನು ಈ ತುದಿಯಿಂದ ಆ ತುದಿಯವರೆಗೆ ಒರೆಸಿದಳು. ಇನ್ನೊಮ್ಮೆ ಒರೆಸಿದಳು.